ಕಡಲದಂಡೆಯ ಗಾಳ

ಕೆರೆಯ ಏರಿಯ ಮೇಲೆ ಬಿದಿರಿನ ಕೋಲು ಹಿಡಿದು ಗಂಟೆಗಟ್ಟಲೆ ಕುಳಿತಿರುವವನನ್ನು ಕಾಣದವರು ನಮ್ಮಲ್ಲಿ ವಿರಳ. ಕೋಲು, ದಾರ, ಗಾಳ, ಎರೆಹುಳು—ಇವಿಷ್ಟೇ ಅವನ ಬಂಡವಾಳ. ದಾರಕ್ಕೆ ಕಟ್ಟಿದ ಬೆಂಡು ಮುಳುಗಿತೆಂದರೆ ಅವನು ಕೋಲನ್ನು ಮೇಲೆತ್ತುತ್ತಾನೆ. ಸಿಕ್ಕಿದರೆ ಮೀನು, ಇಲ್ಲವಾದರೆ ಇಲ್ಲ. ಆದರೆ ಇದೇ ಸಲಕರಣೆಯನ್ನು ಹೊತ್ತುಕೊಂಡು ಒಬ್ಬನು ತೆರೆಗಳು ಅಪ್ಪಳಿಸುವ ಕಡಲದಂಡೆಗೆ ಹೋದನೆನ್ನೋಣ. ಅಲ್ಲಿ ಬೆಂಡು ನಿಲ್ಲದು. ಎರೆಯನ್ನು ಅಲೆ ಕೊಚ್ಚಿಕೊಂಡು ಹೋಗುವುದು. ದೊಡ್ಡ ಮೀನೊಂದು ಸಿಕ್ಕಿಬಿದ್ದರೆ ದಾರವೇ ತುಂಡಾದೀತು. ಉಪ್ಪುನೀರಿನ ಗಾಳಕ್ಕೆ ಬೇರೆಯೇ ಸಲಕರಣೆ ಬೇಕು, ಬೇರೆಯೇ ತಿಳಿವಳಿಕೆ ಬೇಕು. ಈ ತಿಳಿವಳಿಕೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರ ಮೂರೂ ಸೇರಿವೆ. ಅದು ಹೇಗೆಂಬುದನ್ನು ಒಂದೇ ಒಂದು ಮೀನಿನ ನಿದರ್ಶನದಿಂದ ನೋಡೋಣ.

ಉತ್ತರ ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ‘ಸ್ಟ್ರೈಪ್ಡ್ ಬಾಸ್’ ಎಂಬ ಮೀನಿದೆ. ಬೆಳ್ಳಿಯಂತೆ ಹೊಳೆಯುವ ಅದರ ಮೈಮೇಲೆ ತಲೆಯಿಂದ ಬಾಲದವರೆಗೆ ಏಳೆಂಟು ಕಪ್ಪು ಗೆರೆಗಳು ಓಡುತ್ತವೆ. ಆದುದರಿಂದ ನಾವು ಇದನ್ನು ಪಟ್ಟೆಬಾಸ್ ಎಂದು ಕರೆಯಬಹುದು. ಶಾಸ್ತ್ರಜ್ಞರು ಇದಕ್ಕಿಟ್ಟ ಹೆಸರು ಮೊರೋನೆ ಸ್ಯಾಕ್ಸಟಿಲಿಸ್. ಇದು ಸಮುದ್ರದಲ್ಲಿ ಬೆಳೆಯುತ್ತದೆ. ಆದರೆ ಮೊಟ್ಟೆಯಿಡಲು ವಸಂತಕಾಲದಲ್ಲಿ ಸಿಹಿನೀರಿನ ನದಿಗಳನ್ನು ಏರುತ್ತದೆ. ಚೆಸಾಪೀಕ್ ಕೊಲ್ಲಿಗೆ ಬಂದು ಸೇರುವ ನದಿಗಳೂ ಹಡ್ಸನ್ ನದಿಯೂ ಇದರ ಮುಖ್ಯ ತೌರುಮನೆಗಳು. ಮೊಟ್ಟೆಯಿಟ್ಟ ಬಳಿಕ ದೊಡ್ಡ ಮೀನುಗಳು ಕರಾವಳಿಯ ಉದ್ದಕ್ಕೂ ಉತ್ತರಕ್ಕೆ ಪ್ರಯಾಣಮಾಡಿ ಬೇಸಗೆಯನ್ನು ತಂಪಾದ ನೀರಿನಲ್ಲಿ ಕಳೆಯುತ್ತವೆ. ಶರತ್ಕಾಲದಲ್ಲಿ ದಕ್ಷಿಣಕ್ಕೆ ಮರಳುತ್ತವೆ. ಈ ಹೋಗಿಬರುವ ಹಾದಿಯಲ್ಲಿಯೇ ಸಾವಿರಾರು ಮಂದಿ ಹವ್ಯಾಸಿಗಳು ಗಾಳ ಹಿಡಿದು ಕಾದಿರುತ್ತಾರೆ. 2011ರಲ್ಲಿ ಕನೆಕ್ಟಿಕಟ್ ರಾಜ್ಯದ ಅಂಚಿನ ಲಾಂಗ್ ಐಲೆಂಡ್ ಸೌಂಡಿನಲ್ಲಿ ಗ್ರೆಗ್ ಮೈಯರ್ಸನ್ ಎಂಬವರು ಹಿಡಿದ ಪಟ್ಟೆಬಾಸ್ 81 ಪೌಂಡಿಗೂ ಹೆಚ್ಚು, ಎಂದರೆ ಸುಮಾರು 37 ಕಿಲೋಗ್ರಾಂ, ತೂಗಿತು.

ಮೊದಲನೆಯ ಪ್ರಶ್ನೆ: ಇಷ್ಟು ವಿಸ್ತಾರವಾದ ಸಮುದ್ರದಲ್ಲಿ ಮೀನು ಎಲ್ಲಿರುತ್ತದೆ? ದಂಡೆಯಲ್ಲಿ ನಿಂತವನಿಗೆ ಕಡಲೆಲ್ಲ ಒಂದೇ ಸಮನಾಗಿ ಕಾಣುವುದು ಸಹಜ. ಆದರೆ ನೀರಿನ ಅಡಿಯಲ್ಲಿ ಮರಳು ಏರುತಗ್ಗಾಗಿ ಹರಡಿದೆ. ದಂಡೆಗೆ ಸಮಾಂತರವಾಗಿ ಮರಳಿನ ದಿಣ್ಣೆಗಳಿರುತ್ತವೆ. ದಿಣ್ಣೆಗೂ ದಂಡೆಗೂ ನಡುವೆ ಆಳವಾದ ಕಾಲುವೆ ಇರುತ್ತದೆ. ಅಲೆಯು ಆಳ ಕಡಮೆಯಾದೆಡೆ ಮುರಿಯುತ್ತದೆ. ಆದುದರಿಂದ ಬಿಳಿಯ ನೊರೆ ಕಂಡಲ್ಲಿ ದಿಣ್ಣೆಯಿದೆಯೆಂದೂ ಅದರಾಚೆಗೆ ನೀರು ಕಪ್ಪಾಗಿ ಶಾಂತವಾಗಿರುವಲ್ಲಿ ಆಳವಿದೆಯೆಂದೂ ಊಹಿಸಬಹುದು. ಅಲೆಗಳು ದಿಣ್ಣೆಯನ್ನು ದಾಟಿ ತಂದೊಡ್ಡಿದ ನೀರು ಎಲ್ಲಿಂದಲಾದರೂ ಹಿಂದಕ್ಕೆ ಹೋಗಲೇಬೇಕಷ್ಟೆ? ಅದು ದಿಣ್ಣೆಯ ನಡುವಿನ ಕಂಡಿಗಳಲ್ಲಿ ರಭಸದಿಂದ ಹಿಂದಿರುಗುತ್ತದೆ. ಸಣ್ಣ ಮೀನು, ಏಡಿ, ಹುಳುಗಳನ್ನು ಈ ಪ್ರವಾಹ ಹೊತ್ತುತರುತ್ತದೆ. ಪಟ್ಟೆಬಾಸ್ ಪ್ರವಾಹಕ್ಕೆ ಮುಖಮಾಡಿ, ಬಂಡೆಯ ಅಥವಾ ದಿಣ್ಣೆಯ ಮರೆಯಲ್ಲಿ ನಿಂತು, ತನ್ನೆಡೆಗೆ ಬರುವ ಊಟವನ್ನು ಕಾಯುತ್ತದೆ.

ಎರಡನೆಯ ಪ್ರಶ್ನೆ: ಯಾವಾಗ? ಇದಕ್ಕೆ ಉತ್ತರ ಚಂದ್ರನಲ್ಲಿದೆ. ಆ ಕರಾವಳಿಯಲ್ಲಿ ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದುದರಿಂದ ಇಂದು ಬೆಳಗ್ಗೆ 6 ಗಂಟೆಗೆ ಭರತವಾದರೆ ನಾಳೆ ಬೆಳಗ್ಗೆ ಸುಮಾರು 6 ಗಂಟೆ 50 ನಿಮಿಷಕ್ಕೆ ಆಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಸಮಯದಲ್ಲಿ ಭರತ ಇಳಿತಗಳ ಅಂತರ ಹೆಚ್ಚು, ಪ್ರವಾಹವೂ ಬಲವಾಗಿರುತ್ತದೆ. ಅನುಭವಿಗಳು ಬೆಲೆಕೊಡುವುದು ನೀರಿನ ಎತ್ತರಕ್ಕಿಂತ ನೀರಿನ ಚಲನೆಗೆ. ನೀರು ನಿಂತಾಗ ಬೇಟೆಯೂ ನಿಲ್ಲುತ್ತದೆ. ಬೆಳಕಿನ ಮಾತೂ ಇದೆ. ಪಟ್ಟೆಬಾಸ್ ಮಂದ ಬೆಳಕಿನಲ್ಲಿ ಚೆನ್ನಾಗಿ ಬೇಟೆಯಾಡಬಲ್ಲ ಮೀನು. ಆದುದರಿಂದ ಮುಸ್ಸಂಜೆ, ರಾತ್ರಿ ಮತ್ತು ಅರುಣೋದಯದ ವೇಳೆಗಳು ಪ್ರಶಸ್ತವೆನಿಸಿವೆ.

ಇನ್ನು ಎರೆಯ ವಿಚಾರ. ಮೀನು ಆಹಾರವನ್ನು ಹುಡುಕುವುದು ಕಣ್ಣಿನಿಂದ ಮಾತ್ರವಲ್ಲ. ಅದರ ಎರಡು ಪಕ್ಕಗಳಲ್ಲಿಯೂ ‘ಪಾರ್ಶ್ವರೇಖೆ’ ಎಂಬ ಇಂದ್ರಿಯವಿದೆ. ಚರ್ಮದ ಕೆಳಗಿನ ಸಣ್ಣ ನಾಳದಲ್ಲಿ ಸೂಕ್ಷ್ಮವಾದ ರೋಮಕೋಶಗಳು ಸಾಲಾಗಿ ಜೋಡಿಸಿಕೊಂಡಿವೆ. ನೆರೆಯಲ್ಲಿ ನೀರು ಸ್ವಲ್ಪ ಅಲುಗಿದರೂ ಇವು ಬಾಗಿ ನರಗಳಿಗೆ ಸುದ್ದಿ ಮುಟ್ಟಿಸುತ್ತವೆ. ಗಾಯಗೊಂಡ ಸಣ್ಣ ಮೀನಿನ ತತ್ತರಿಕೆಯನ್ನು ಬಾಸ್ ಕತ್ತಲಲ್ಲಿಯೂ ಅರಿಯುವುದು ಹೀಗೆ. ಮೂಗಿನ ಕುಳಿಗಳಾದರೋ ನೀರಿನಲ್ಲಿ ಕರಗಿದ ಅಮೈನೋ ಆಮ್ಲಗಳನ್ನು ಗುರುತಿಸುತ್ತವೆ.

ಗಾಳಗಾರರ ಎರೆಗಳೆಲ್ಲವೂ ಈ ಮೂರು ಇಂದ್ರಿಯಗಳಲ್ಲಿ ಯಾವುದಾದರೊಂದಕ್ಕೆ ಒಡ್ಡಿದ ಆಮಿಷಗಳೇ ಆಗಿವೆ. ಎಣ್ಣೆಯಂಶ ಹೆಚ್ಚಾಗಿರುವ ಮೆನ್ಹೇಡನ್ ಮೀನಿನ ತುಂಡು, ಕಪ್ಪೆಚಿಪ್ಪಿನ ಮಾಂಸ, ಕೆಸರಿನಿಂದ ಅಗೆದು ತೆಗೆದ ಕಡಲಹುಳು—ಇವು ವಾಸನೆಯಿಂದ ಸೆಳೆಯುತ್ತವೆ. ಎರೆ ತಾಜಾ ಆಗಿರಬೇಕೆಂಬ ನಿಯಮಕ್ಕೆ ಕಾರಣವೂ ಇದೇ. ಬಹಳ ಹೊತ್ತು ನೀರಿನಲ್ಲಿದ್ದ ತುಂಡಿನಿಂದ ರಸವೆಲ್ಲ ಸೋರಿಹೋಗಿರುತ್ತದೆ. ಆದುದರಿಂದ ಅದನ್ನು ಆಗಾಗ ಬದಲಿಸಬೇಕು. ಜೀವಂತ ಹಾವುಮೀನು ತನ್ನ ಹೊರಳಾಟದಿಂದ ಪಾರ್ಶ್ವರೇಖೆಯನ್ನು ಎಚ್ಚರಿಸುತ್ತದೆ. ಮರದಿಂದಲೋ ಪ್ಲಾಸ್ಟಿಕ್ಕಿನಿಂದಲೋ ಮಾಡಿದ ಕೃತಕ ಮೀನು, ಹೊಳೆಯುವ ಲೋಹದ ತಗಡು, ಜಿಂಕೆಯ ಬಾಲದ ಕೂದಲನ್ನು ಸೀಸದ ತಲೆಗೆ ಕಟ್ಟಿದ ‘ಬಕ್‌ಟೈಲ್’—ಇವುಗಳಿಗೆ ವಾಸನೆಯಿಲ್ಲ. ಎಳೆಯುವ ಕೈಯ ಚಳಕವೇ ಇವುಗಳಿಗೆ ಜೀವ ಕೊಡಬೇಕು.

ಎರೆಯನ್ನು ದಿಣ್ಣೆಯಾಚೆಗೆ ಮುಟ್ಟಿಸಲು 9ರಿಂದ 11 ಅಡಿ ಉದ್ದದ ಕೋಲು ಬೇಕು. ಎಸೆಯುವಾಗ ಕೈ ಸ್ವಲ್ಪವೇ ಚಲಿಸಿದರೂ ಕೋಲಿನ ತುದಿ ದೊಡ್ಡ ಕಂಸವನ್ನು ಅತಿವೇಗದಿಂದ ಕ್ರಮಿಸುತ್ತದೆ. ಬಾಗಿದ ಕೋಲು ಬಿಲ್ಲಿನಂತೆ ನೆಟ್ಟಗಾಗುತ್ತ ಮತ್ತಷ್ಟು ವೇಗವನ್ನು ಕೊಡುತ್ತದೆ. ಆದರೆ ಮೀನನ್ನು ಎಳೆಯುವಾಗ ಈ ಲಾಭವೇ ನಷ್ಟವಾಗಿ ಪರಿಣಮಿಸುವುದು. 10 ಅಡಿ ಕೋಲಿನ ಬುಡವನ್ನು ಸೊಂಟಕ್ಕೆ ಒತ್ತಿ, ಬುಡದಿಂದ ಎರಡೂವರೆ ಅಡಿ ಮೇಲೆ ಕೈಯಿಂದ ಹಿಡಿದಿರುವಿರೆಂದು ತಿಳಿಯಿರಿ. ಸನ್ನೆಯ ನಿಯಮದಂತೆ, ತುದಿಯಲ್ಲಿ ಮೀನು ಕೋಲಿಗೆ ಲಂಬವಾಗಿ 5 ಪೌಂಡು ಬಲದಿಂದ ಎಳೆದರೆ ನಿಮ್ಮ ಕೈ 20 ಪೌಂಡು ಬಲವನ್ನು ಪ್ರಯೋಗಿಸಬೇಕು! ಹಾಗಾದರೆ ಕೋಲಿನಿಂದ ಪ್ರಯೋಜನವೇನು? ಅದು ಬಾಗುತ್ತದೆ. ಮೀನಿನ ಹಠಾತ್ತಾದ ಜಗ್ಗುವಿಕೆಯನ್ನು ಸ್ಪ್ರಿಂಗಿನಂತೆ ನುಂಗಿಕೊಂಡು ದಾರವನ್ನು ಕಾಪಾಡುತ್ತದೆ.

ದಾರದ ಕಥೆ ರಸಾಯನಶಾಸ್ತ್ರದ್ದು. ಹಿಂದೆ ನಾರಗಸೆಯ ನೂಲಿನ ಹುರಿಯನ್ನು ಬಳಸುತ್ತಿದ್ದರು. ಪ್ರತಿಸಲವೂ ಅದನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸದಿದ್ದರೆ ಕೊಳೆತುಹೋಗುತ್ತಿತ್ತು. 1935ರಲ್ಲಿ ಡ್ಯುಪಾಂಟ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ವಾಲೆಸ್ ಕರೋದರ್ಸ್ ಎಂಬ ವಿಜ್ಞಾನಿಯ ತಂಡ ನೈಲಾನನ್ನು ಸೃಷ್ಟಿಸಿದ ಮೇಲೆ ಈ ಕಷ್ಟ ನೀಗಿತು. ನೈಲಾನ್ ಎಳೆ ಹಿಗ್ಗುತ್ತದೆ; ಇದು ಆಘಾತವನ್ನು ತಾಳಲು ಅನುಕೂಲ. ಈಚೆಗೆ ಬಂದಿರುವ ಪಾಲಿಎಥಿಲೀನ್ ಹೆಣಿಗೆದಾರ ಬಹು ತೆಳುವಾದರೂ ಬಲವಾದುದು; ಹೆಚ್ಚು ಹಿಗ್ಗದ ಕಾರಣ ಮೀನಿನ ಸಣ್ಣ ಮುಟ್ಟುವಿಕೆಯೂ ಕೈಗೆ ತಿಳಿಯುತ್ತದೆ. ಎರೆಯ ಬಳಿಯ ಕೆಲವು ಅಡಿಗಳಿಗೆ ಫ್ಲೂರೋಕಾರ್ಬನ್ ಎಳೆಯನ್ನು ಸೇರಿಸುವುದುಂಟು. ನೀರಿನ ವಕ್ರೀಭವನ ಸೂಚ್ಯಂಕ 1.33, ಇದರದು ಸುಮಾರು 1.42, ನೈಲಾನಿನದು ಅದಕ್ಕೂ ಹೆಚ್ಚು. ಎರಡು ವಸ್ತುಗಳ ಸೂಚ್ಯಂಕ ಹತ್ತಿರವಿದ್ದಷ್ಟೂ ಒಂದರೊಳಗೆ ಇನ್ನೊಂದು ಮರೆಯಾಗುತ್ತದೆ.

ದಾರವನ್ನು ಸುತ್ತಿರುವ ರಾಟೆಯಲ್ಲಿ ಘರ್ಷಣೆಯ ಬಿಲ್ಲೆಗಳಿವೆ. ಎಳೆತ ಒಂದು ಮಿತಿಯನ್ನು ಮೀರಿದರೆ ರಾಟೆ ಜಾರಿ ದಾರವನ್ನು ಬಿಟ್ಟುಕೊಡುತ್ತದೆ. ಈ ಮಿತಿಯನ್ನು ದಾರದ ಬಲದ ಮೂರನೆಯ ಅಥವಾ ನಾಲ್ಕನೆಯ ಒಂದು ಭಾಗಕ್ಕೆ ಹೊಂದಿಸುವುದು ರೂಢಿ. 20 ಪೌಂಡು ತಾಳುವ ದಾರಕ್ಕೆ ಇಷ್ಟು ಎಚ್ಚರಿಕೆ ಏಕೆಂದು ಕೇಳಬಹುದು. ದಾರ ಬಿಚ್ಚಿಹೋಗಿ ಸುರುಳಿಯ ತ್ರಿಜ್ಯ ಅರ್ಧಕ್ಕಿಳಿದರೆ, ಬಿಲ್ಲೆಗಳ ಘರ್ಷಣೆ ಅಷ್ಟೇ ಇದ್ದರೂ ರಾಟೆಯನ್ನು ತಿರುಗಿಸಲು ಇಮ್ಮಡಿ ಎಳೆತ ಬೇಕಾಗುತ್ತದೆ. 6 ಪೌಂಡು ಇದ್ದದ್ದು 12 ಆಗುವುದು. ಗಂಟುಗಳು ದಾರದ ಬಲವನ್ನು ಕುಗ್ಗಿಸುತ್ತವೆ. ನೀರಿನ ತಡೆಯೂ ಇದರೊಡನೆ ಕೂಡುತ್ತದೆ. ಈ ಲೆಕ್ಕವನ್ನು ಮರೆತವರ ದಾರ ದೊಡ್ಡ ಮೀನು ಸಿಕ್ಕ ದಿನವೇ ಹರಿಯುತ್ತದೆ.

ಗುಂಡಿನ ಆಕಾರಕ್ಕೂ ಅರ್ಥವಿದೆ. ದುಂಡನೆಯ ಸೀಸ ಅಲೆಯಲ್ಲಿ ಉರುಳುತ್ತದೆ. ಪಿರಮಿಡ್ಡಿನಂತಹುದು ಮರಳಿನಲ್ಲಿ ನೆಟ್ಟುಕೊಳ್ಳುತ್ತದೆ. ಅದನ್ನು ದಾರಕ್ಕೆ ಬಿಗಿಯದೆ, ಜಾರುವ ಕೊಳವೆಯಿಂದ ತೂಗಹಾಕುತ್ತಾರೆ. ಮೀನು ಎರೆಯನ್ನು ಕಚ್ಚಿಕೊಂಡು ಹೊರಟಾಗ ದಾರ ಮಾತ್ರ ಸರಿಯುತ್ತದೆ. ಗುಂಡಿನ ಭಾರ ಅದಕ್ಕೆ ತಿಳಿಯುವುದಿಲ್ಲ.

ಕಡಲದಂಡೆಯಲ್ಲಿ ಅಪಾಯಗಳಿಲ್ಲದಿಲ್ಲ. ಪಾಚಿ ಹಿಡಿದ ಬಂಡೆಯ ಮೇಲೆ ಒಬ್ಬಂಟಿಯಾಗಿ ನಿಲ್ಲಬಾರದು; ಅಲೆಗೆ ಬೆನ್ನು ತಿರುಗಿಸಬಾರದು. ಈಗಿನ ಕೋಲುಗಳಲ್ಲಿ ಬಹುಮಟ್ಟಿಗೆ ಇಂಗಾಲದ ಎಳೆಗಳಿರುತ್ತವೆ. ಇಂಗಾಲ ವಿದ್ಯುದ್ವಾಹಕವಾದುದರಿಂದ ಗುಡುಗು ಕೇಳಿದೊಡನೆ ಕೋಲನ್ನು ಕೆಳಗಿಟ್ಟು ದಂಡೆಯನ್ನು ಬಿಡುವುದೇ ವಿವೇಕ.

ಇಲ್ಲಿಯವರೆಗೆ ಹೇಳಿದುದು ಮೀನನ್ನು ಹಿಡಿಯುವ ವಿದ್ಯೆ. ಆದರೆ ಈಗ ಇದಕ್ಕಿಂತ ಗಹನವಾದ ಪ್ರಶ್ನೆ, ಹಿಡಿದುದನ್ನು ಬಿಡುವುದು ಹೇಗೆ ಎಂಬುದು. 1639ರಷ್ಟು ಹಿಂದೆಯೇ ಮ್ಯಾಸಚೂಸೆಟ್ಸ್ ಬೇ ವಸಾಹತು ಪಟ್ಟೆಬಾಸನ್ನು ಹೊಲಕ್ಕೆ ಗೊಬ್ಬರವಾಗಿ ಬಳಸಬಾರದೆಂದು ಆಜ್ಞೆ ಮಾಡಿತ್ತು; ಅಷ್ಟು ಹೇರಳವಾಗಿತ್ತು ಈ ಮೀನು. 1970ರ ದಶಕದ ಕೊನೆಯ ವೇಳೆಗೆ ಅದರ ಸಂಖ್ಯೆ ಕುಸಿಯಿತು. 1984ರಲ್ಲಿ ಅಮೆರಿಕದ ಶಾಸನಸಭೆ ಇದರ ರಕ್ಷಣೆಗಾಗಿಯೇ ಒಂದು ಕಾಯಿದೆ ಮಾಡಿತು. ಮೇರಿಲೆಂಡ್ ರಾಜ್ಯ 1985ರಿಂದ 1990ರವರೆಗೆ ಇದನ್ನು ಹಿಡಿಯುವುದನ್ನೇ ನಿಷೇಧಿಸಿತು. ಫಲವಾಗಿ ಸಂತತಿ ಚೇತರಿಸಿತು. 1995ರಲ್ಲಿ ಅದು ಪುನಃಸ್ಥಾಪಿತವಾಯಿತೆಂದು ಘೋಷಿಸಿದರು. ಆದರೆ 2019ರಲ್ಲಿ ಪ್ರಕಟವಾದ ಗಣನೆಯಿಂದ ಸಂಖ್ಯೆ ಮತ್ತೆ ಅಪಾಯದ ಮಟ್ಟಕ್ಕೆ ಇಳಿದಿರುವುದು ತಿಳಿದುಬಂತು.

ಗಾಳಗಾರರು ಹಿಡಿದ ಪಟ್ಟೆಬಾಸುಗಳಲ್ಲಿ ಹತ್ತಕ್ಕೆ ಒಂಬತ್ತನ್ನು ನೀರಿಗೇ ಬಿಡುತ್ತಾರೆ. ಬಿಟ್ಟ ಮೇಲೆ ಪಾಪವೆಲ್ಲಿಯದು ಎಂದು ತೋರಬಹುದು. ಆದರೆ ಬಿಟ್ಟ ನೂರರಲ್ಲಿ ಸರಾಸರಿ 9 ಮೀನುಗಳು ಆಮೇಲೆ ಸಾಯುತ್ತವೆಂದು ಮೀನುಗಾರಿಕೆಯ ತಜ್ಞರು ಲೆಕ್ಕಹಾಕುತ್ತಾರೆ. ಬಿಡುವ ಮೀನುಗಳ ಸಂಖ್ಯೆ ಕೋಟಿಗಳಲ್ಲಿದ್ದಾಗ ಈ ಅಲ್ಪಭಾಗವೇ ಪರ್ವತವಾಗುತ್ತದೆ. ಕೆಲವು ವರ್ಷಗಳಲ್ಲಿ, ಮನುಷ್ಯರ ಕಾರಣದಿಂದ ಸತ್ತ ಪಟ್ಟೆಬಾಸುಗಳಲ್ಲಿ ಸುಮಾರು ಅರ್ಧ, ಹೀಗೆ ಸದುದ್ದೇಶದಿಂದ ಬಿಟ್ಟವೇ ಆಗಿದ್ದವು!

ಸಾವಿಗೆ ಕಾರಣಗಳು ಮುಖ್ಯವಾಗಿ ಎರಡು. ಮೊದಲನೆಯದು, ಗಾಳ ಗಂಟಲಲ್ಲಿ ಅಥವಾ ಹೊಟ್ಟೆಯಲ್ಲಿ ನೆಟ್ಟು ಆಗುವ ಗಾಯ. ಇದಕ್ಕೆ ಪರಿಹಾರ ‘ವೃತ್ತಗಾಳ’. ಸಾಮಾನ್ಯ ಗಾಳದ ಮೊನೆ ಕಾಂಡಕ್ಕೆ ಸಮಾಂತರವಾಗಿ ಮೇಲ್ಮುಖವಾಗಿರುತ್ತದೆ. ವೃತ್ತಗಾಳದ ಮೊನೆ ಒಳಕ್ಕೆ, ಕಾಂಡದ ಕಡೆಗೆ ಬಾಗಿರುತ್ತದೆ. ನುಂಗಿದ ಗಾಳವನ್ನು ಮೆಲ್ಲನೆ ಎಳೆದಾಗ ಮೊನೆ ಎಲ್ಲಿಯೂ ಚುಚ್ಚದೆ ಗಂಟಲಿನಿಂದ ಜಾರಿಬಂದು, ಬಾಯಿಯ ಮೂಲೆಯಲ್ಲಿ ತಿರುಗಿ ದವಡೆಗೆ ಸಿಕ್ಕಿಕೊಳ್ಳುತ್ತದೆ. ಪೆಸಿಫಿಕ್ ದ್ವೀಪಗಳ ಜನ ಮೂಳೆ ಚಿಪ್ಪುಗಳಿಂದ ಇಂತಹ ಗಾಳಗಳನ್ನು ಬಹು ಹಿಂದೆಯೇ ಮಾಡುತ್ತಿದ್ದರು. ಇದನ್ನು ಬಳಸುವವನು ಕೋಲನ್ನು ಥಟ್ಟನೆ ಜಗ್ಗಬಾರದು. ದಾರ ತಾನಾಗಿ ಬಿಗಿಯಲು ಬಿಡಬೇಕು. ಪಟ್ಟೆಬಾಸಿಗೆ ಸಹಜ ಎರೆಯನ್ನು ಒಡ್ಡುವವರು ವೃತ್ತಗಾಳವನ್ನೇ ಬಳಸಬೇಕೆಂದು 2021ರಿಂದ ಅಟ್ಲಾಂಟಿಕ್ ಕರಾವಳಿಯ ರಾಜ್ಯಗಳು ನಿಯಮಮಾಡಿವೆ.

ಎರಡನೆಯದು ಆಯಾಸ. ಪ್ರಾಣಭಯದಿಂದ ಹೋರಾಡುವ ಮೀನಿನ ಬಿಳಿಯ ಸ್ನಾಯುಗಳು ಆಮ್ಲಜನಕ ಸಾಲದೆ ಕೆಲಸಮಾಡಬೇಕಾಗುತ್ತದೆ. ರಕ್ತದ ಆಮ್ಲೀಯತೆ ಏರುತ್ತದೆ. ಬೆಚ್ಚನೆಯ ನೀರಿನಲ್ಲಿ ಕರಗಿರುವ ಆಮ್ಲಜನಕವೂ ಕಡಮೆ. ಆದುದರಿಂದ ಬೇಸಗೆಯ ಬಿಸಿಯಲ್ಲಿ ತೀರ ತೆಳುವಾದ ದಾರದಿಂದ ಮೀನನ್ನು ಬಹಳ ಹೊತ್ತು ಆಡಿಸುವುದು ಶೌರ್ಯವಲ್ಲ, ಕ್ರೌರ್ಯ. ಬಲವಾದ ಸಲಕರಣೆಯಿಂದ ಬೇಗನೆ ದಡಕ್ಕೆ ತಂದು, ಮೈಮೇಲಿನ ಲೋಳೆ ಹರಿಯದಂತೆ ಒದ್ದೆಯಾದ ಕೈಯಿಂದ ಅಡ್ಡಲಾಗಿ ಹಿಡಿದು, ಸಾಧ್ಯವಾದರೆ ನೀರಿನಲ್ಲಿಯೇ ಗಾಳ ಬಿಡಿಸಬೇಕು.

ಮನೆಗೆ ಒಯ್ಯುವ ಮೀನಿಗೂ ಅಳತೆಯ ಕಟ್ಟುಪಾಡುಂಟು. ಆರು ವರ್ಷದ ಹೆಣ್ಣು ಸುಮಾರು 5 ಲಕ್ಷ ಮೊಟ್ಟೆಯಿಟ್ಟರೆ, ಹದಿನೈದು ವರ್ಷದ್ದು 30 ಲಕ್ಷಕ್ಕೂ ಮೇಲೆ ಇಡುತ್ತದೆ. ದೊಡ್ಡದನ್ನು ಹಿಡಿದು ಚಿಕ್ಕದನ್ನು ಬಿಡುವ ಹಳೆಯ ಪದ್ಧತಿಯಿಂದ ತಾಯಿಮೀನುಗಳೇ ನಾಶವಾಗುತ್ತಿದ್ದವು. 2023ರಲ್ಲಿ ತಂದ ನಿಯಮದಂತೆ, ಹೊರಕಡಲಿನಲ್ಲಿ 28ರಿಂದ 31 ಅಂಗುಲದೊಳಗಿನ ಒಂದೇ ಮೀನನ್ನು ದಿನಕ್ಕೆ ಇಟ್ಟುಕೊಳ್ಳಬಹುದು. ಅದಕ್ಕಿಂತ ಚಿಕ್ಕದನ್ನೂ ದೊಡ್ಡದನ್ನೂ ಬಿಡಬೇಕು. ಇಷ್ಟಾದರೂ ಚೆಸಾಪೀಕ್ ಕೊಲ್ಲಿಯಲ್ಲಿ 2019ರಿಂದ ಹಲವು ವರ್ಷ ಮರಿಗಳ ಎಣಿಕೆ ಬಹಳ ಕಡಮೆಯಾಗಿಯೇ ಇತ್ತು. ಆ ವರ್ಷಗಳಲ್ಲಿ ಹುಟ್ಟದೆ ಹೋದ ಮರಿಗಳ ಕೊರತೆ ಮುಂದೆ ಬಹುಕಾಲ ಕಾಡುವುದು.

ನಮ್ಮ ಕರಾವಳಿಯ ಅಳಿವೆಗಳಲ್ಲಿ ಗಾಳ ಹಾಕುವವರಿಗೂ ಇದರಲ್ಲಿ ಪಾಠವಿದೆ. ಮೀನಿನ ಜಾತಿ ಬೇರೆಯಾದರೂ ಭರತ ಇಳಿತದ ಲೆಕ್ಕ, ಸನ್ನೆಯ ನಿಯಮ, ಪಾರ್ಶ್ವರೇಖೆಯ ಎಚ್ಚರ ಇವೆಲ್ಲ ಅಲ್ಲಿಯೂ ಒಂದೇ. ತುಂಡಾದ ನೈಲಾನ್ ದಾರವನ್ನು ದಂಡೆಯಲ್ಲಿ ಬಿಸಾಡಿದರೆ ಅದು ತಲೆಮಾರುಗಳವರೆಗೆ ಕೊಳೆಯದೆ ಹಕ್ಕಿಗಳ ಕಾಲಿಗೂ ಕಡಲಾಮೆಯ ಕೊರಳಿಗೂ ಸುತ್ತಿಕೊಳ್ಳುತ್ತದೆ. ಅದನ್ನು ಸುತ್ತಿ ಮನೆಗೆ ತರಬೇಕು. ಕೋಲನ್ನೂ ರಾಟೆಯನ್ನೂ ಸಿಹಿನೀರಿನಲ್ಲಿ ತೊಳೆದು ಒರಸಿಡುವಾಗಲೇ ಈ ಕೆಲಸವನ್ನೂ ಮಾಡಿದರೆ ಆ ದಿನದ ಬೇಟೆ ಸರಿಯಾಗಿ ಮುಗಿದಂತೆ.