ಕಂಪನಿಯ ತಲೆನೋವು ವಿದ್ಯಾರ್ಥಿಗಳ ಮೇಜಿಗೆ

ಮಗಳು ಚೆನ್ನೈನಲ್ಲಿ ಎಂಬಿಎ ಓದುತ್ತಿದ್ದಾಳೆ. ಕಂಪನಿಯೊಂದು ತನ್ನ ಸಮಸ್ಯೆಯನ್ನು ಅವಳ ತಂಡಕ್ಕೆ ಬಿಡಿಸಲು ಕೊಟ್ಟಿದೆಯಂತೆ. ನುರಿತ ಸಲಹೆಗಾರರಿರುವಾಗ ವಿದ್ಯಾರ್ಥಿಗಳೇಕೆ?

ಬೆಳಗಿನಿಂದ ಒಲೆ ಮುಂದೆ ನಿಂತವರ ನಾಲಿಗೆಗೆ ಸಾರಿನ ಉಪ್ಪು ತಿಳಿಯುವುದಿಲ್ಲ. ಆಗಷ್ಟೇ ಒಳಬಂದವರ ಅಂಗೈಗೆ ಒಂದು ತೊಟ್ಟು ಹಾಕಿ ಕೇಳುತ್ತಾರೆ. ಕಂಪನಿ ಮಾಡುವುದೂ ಅದನ್ನೇ. ಖರ್ಚೂ ಕಡಿಮೆ. ಇನ್ನೊಂದಿದೆ, ನನ್ನ ಗುಮಾನಿಯಂತೆ ಅದೇ ದೊಡ್ಡದು: ಮುಂದೆ ನೌಕರಿಗೆ ಕರೆಯಬಹುದಾದವರು ಕೆಲಸ ಮಾಡುವ ರೀತಿಯನ್ನು ಸಂದರ್ಶನಕ್ಕೆ ಮೊದಲೇ ನೋಡಬಹುದು.

ಮೊದಲು ಕಂಪನಿಯಿಂದ ಪ್ರಸ್ತಾವ ಬರುತ್ತದೆ. ‘ಮಾರಾಟ ಹೆಚ್ಚಿಸಿಕೊಡಿ’ ಎಂದಷ್ಟೇ ಬರೆದರೆ ಆಗದು. ‘ಶ್ರೀಪೆರಂಬದೂರಿನ ಗೋದಾಮಿನಿಂದ ಬಿಡಿಭಾಗಗಳು ತಡವಾಗಿ ಹೊರಡುವುದೇಕೆ?’ ಎಂದರೆ ಕೆಲವು ವಾರಗಳಲ್ಲಿ ಮುಗಿಯುವ ಪ್ರಶ್ನೆ. ಪ್ರಾಧ್ಯಾಪಕರು ಅದನ್ನು ಇನ್ನಷ್ಟು ಕಿರಿದು ಮಾಡಿ ತಂಡಕ್ಕೆ ಒಪ್ಪಿಸುತ್ತಾರೆ. ಲೆಕ್ಕಪತ್ರ ತೋರಿಸುವ ಮೊದಲು ಗೋಪ್ಯತೆಯ ಕರಾರಿಗೆ ಸಹಿ. ಕಂಪನಿಯ ಕಡೆಯಿಂದ ಮಾಹಿತಿ ಕೊಡಲು ಒಬ್ಬರು ಬೇಕೇ ಬೇಕು. ಅವರು ಫೋನ್ ಎತ್ತದಿದ್ದರೆ ಎಂಥ ಜಾಣ ತಂಡವೂ ಕೈಕಟ್ಟಿ ಕೂರಬೇಕು. ಕೊನೆಗೆ ವರದಿ ಕಂಪನಿಗೆ, ಅಂಕ ವಿದ್ಯಾರ್ಥಿಗಳಿಗೆ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ 1992ರಲ್ಲೇ ಇಂಥ ಕೆಲಸವನ್ನು ಎಂಬಿಎ ಪಠ್ಯಕ್ಕೆ ಸೇರಿಸಿತು. ಚೆನ್ನೈನ ಲೊಯೊಲಾ ಕಾಲೇಜಿನಲ್ಲಿ ಓದಿದ ಸಿ.ಕೆ. ಪ್ರಹ್ಲಾದ್ ಮಿಷಿಗನ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಮದುರೈನ ಅರವಿಂದ್ ಕಣ್ಣಾಸ್ಪತ್ರೆಯಂಥ ಸಂಸ್ಥೆಗಳ ಬಗ್ಗೆ ಅವರ ವಿದ್ಯಾರ್ಥಿಗಳು ನಡೆಸಿದ ಅಧ್ಯಯನಗಳು 2004ರಲ್ಲಿ ಬಂದ ಅವರ ಪ್ರಸಿದ್ಧ ಪುಸ್ತಕದೊಳಗೇ ಸೇರಿವೆ.