ನಡುಮನೆಯ ಧ್ವನಿ, ಜಗಲಿಯ ಧ್ವನಿ

ಭದ್ರಾವತಿಯ ಆಕಾಶವಾಣಿ ನಿಲಯವು 1965ರಲ್ಲಿ ಪ್ರಾರಂಭವಾದಂದಿನಿಂದ ಅದರ ಧ್ವನಿಯು ಶಿವಮೊಗ್ಗೆಯ ಮನೆಮನೆಗಳಿಗೂ ಪರಿಚಿತವಾಗಿದೆ. ಎರಡು ಊರುಗಳ ನಡುವೆ ಸುಮಾರು 20 ಕಿಲೊಮೀಟರುಗಳ ಅಂತರವಿದ್ದರೂ, ರೇಡಿಯೊ ತರಂಗವು ಬೆಳಕಿನ ವೇಗದಿಂದಲೇ ಸಂಚರಿಸುವುದರಿಂದ, ಆ ದೂರವನ್ನು ಕ್ರಮಿಸಲು ಅದಕ್ಕೆ ಒಂದು ಸೆಕೆಂಡಿನ ಹದಿನೈದು ಸಾವಿರದಲ್ಲೊಂದು ಭಾಗ ಸಾಕು. ಅದೇ ದೂರವನ್ನು ಶಬ್ದವು ಗಾಳಿಯಲ್ಲಿ ದಾಟಬೇಕಾಗಿದ್ದರೆ ಹೆಚ್ಚುಕಡಮೆ ಒಂದು ನಿಮಿಷವೇ ಹಿಡಿಯುತ್ತಿತ್ತು. ಇಷ್ಟು ಕ್ಷಿಪ್ರವಾಗಿ ಊರನ್ನು ಮುಟ್ಟಿದ ಗಾನವು ನಡುಮನೆಯಿಂದ ಜಗಲಿಗೆ ಬರುವಷ್ಟರಲ್ಲಿ ಹಿಂದೆ ಬೀಳುವುದೂ, ಎರಡು ಕಡೆಯ ಸ್ಪೀಕರುಗಳು ಒಂದೇ ಪದವನ್ನು ಒಂದರ ಬೆನ್ನಿಗೊಂದು ನುಡಿದು ಲಯವನ್ನು ಕೆಡಿಸುವುದೂ, ಕೋಣೆಗೊಂದು ಸ್ಪೀಕರನ್ನಿಟ್ಟುಕೊಂಡ ಇಂದಿನ ಗೃಹಸ್ಥರಲ್ಲಿ ಅನೇಕರ ಅನುಭವವಾಗಿದೆ.

ಈ ವಿಳಂಬದಲ್ಲಿ ಒಂದಂಶವು ಪ್ರಕೃತಿಸಹಜವಾದುದು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಎಂದರೆ ಮಿಲಿಸೆಕೆಂಡೊಂದಕ್ಕೆ 34 ಸೆಂಟಿಮೀಟರ್. ಜಗಲಿಯ ಸ್ಪೀಕರಿನ ಬಳಿ ಕುಳಿತವನಿಗೆ ಏಳು ಮೀಟರ್ ದೂರದ ನಡುಮನೆಯ ಧ್ವನಿಯು ಸುಮಾರು 20 ಮಿಲಿಸೆಕೆಂಡು ತಡವಾಗಿ ಕೇಳುತ್ತದೆ. ಆದರೂ ಅವನಿಗೆ ಅದು ಎರಡು ಧ್ವನಿಯೆಂದು ತೋರುವುದಿಲ್ಲ. ಏಕೆಂಬುದನ್ನು ಹೆಲ್ಮುಟ್ ಹಾಸ್ ಎಂಬ ಜರ್ಮನ್ ವಿಜ್ಞಾನಿಯು 1949ರಲ್ಲಿ ಪ್ರಯೋಗಪೂರ್ವಕವಾಗಿ ವಿವರಿಸಿದನು. ಒಂದೇ ಶಬ್ದವು ಎರಡು ದಿಕ್ಕುಗಳಿಂದ, ಐದರಿಂದ ಮೂವತ್ತು ಮಿಲಿಸೆಕೆಂಡುಗಳ ಅಂತರದಲ್ಲಿ ಬಂದರೆ, ಎರಡನೆಯದು ಮೊದಲನೆಯದಕ್ಕಿಂತ ಹತ್ತು ಡೆಸಿಬೆಲ್‌ಗಳಷ್ಟು ಪ್ರಬಲವಾಗಿದ್ದರೂ ಸಹ, ನಮ್ಮ ಶ್ರವಣೇಂದ್ರಿಯವು ಮೊದಲು ಬಂದುದರ ದಿಕ್ಕನ್ನೇ ಮೂಲವೆಂದು ಗ್ರಹಿಸಿ, ಅನಂತರದ್ದನ್ನು ಅದರಲ್ಲಿಯೇ ಲೀನಗೊಳಿಸುತ್ತದೆ. ಶ್ರವಣಶಾಸ್ತ್ರದಲ್ಲಿ ಇಷ್ಟು ಸುಂದರವಾದ ತತ್ತ್ವಗಳು ವಿರಳವೆಂದೇ ನನ್ನ ಭಾವನೆ. ಗೋಡೆಗೋಡೆಗಳಿಂದ ಪ್ರತಿಫಲಿಸಿ ಬರುವ ನೂರು ಮರುದನಿಗಳ ನಡುವೆಯೂ ಮನುಷ್ಯರು ಪರಸ್ಪರ ಮಾತನಾಡಿಕೊಳ್ಳಲು ಸಾಧ್ಯವಾಗಿರುವುದು ಇದರಿಂದಲೇ. ಆದರೆ ಅಂತರವು ಸುಮಾರು 50 ಮಿಲಿಸೆಕೆಂಡನ್ನು ಮೀರಿತೆಂದರೆ ಮಾತು ಒಡೆದು ಎರಡಾಗುತ್ತದೆ. ಶಿವಮೊಗ್ಗೆಯ ಕೋಟೆ ಮಾರಿಕಾಂಬಾ ಜಾತ್ರೆಯಂತಹ ಉತ್ಸವಗಳಲ್ಲಿ ಬೀದಿಯುದ್ದಕ್ಕೂ ಕಟ್ಟುವ ಧ್ವನಿವರ್ಧಕಗಳಲ್ಲಿ ನೂರು ಮೀಟರ್ ದೂರದ್ದು ಸೆಕೆಂಡಿನ ಮೂರನೆಯೊಂದು ಭಾಗದಷ್ಟು ಹಿಂದುಳಿಯುವುದರಿಂದಲೇ ಪ್ರಕಟಣೆಯ ಪದಗಳು ಒಂದರಮೇಲೊಂದು ಬಿದ್ದು ಅಸ್ಪಷ್ಟವಾಗುತ್ತವೆ.

ಹಾಗಾದರೆ ಸಾಮಾನ್ಯವಾದ ಮನೆಯೊಳಗೆ ಈ ಮಿತಿಯನ್ನು ಮೀರಿಸುವುದು ಯಾವುದು? ಗಾಳಿಯಲ್ಲ, ಯಂತ್ರ. ತಂತಿಯಲ್ಲಿ ಹರಿಯುವ ಸಂಕೇತಕ್ಕೆ ಮನೆಯ ಉದ್ದವು ಲೆಕ್ಕಕ್ಕೇ ಬಾರದು. ಬ್ಲೂಟೂತ್ ಸ್ಪೀಕರಾದರೋ ಧ್ವನಿಯನ್ನು ಅಂಕಿಗಳಾಗಿ ಸಂಕೋಚಿಸಿ, ಕಳುಹಿಸಿ, ನಡುವೆ ಕಡಿದುಹೋಗದಂತೆ ಕೊಂಚ ಸಂಗ್ರಹಿಸಿಕೊಂಡು, ಆಮೇಲೆ ಬಿಡಿಸಿ ನುಡಿಸಬೇಕಾದುದರಿಂದ, ಅನೇಕವೇಳೆ 200 ಮಿಲಿಸೆಕೆಂಡುಗಳಷ್ಟು ತಡಮಾಡುತ್ತದೆ. ಜಗಲಿಯ ಸ್ಪೀಕರನ್ನು ಎಪ್ಪತ್ತು ಮೀಟರ್ ಆಚೆಗೆ ಒಯ್ದಿಟ್ಟರೆ ಆಗುವಷ್ಟೇ ವಿಳಂಬವಿದು. ಇನ್ನು ಒಂದು ಕೋಣೆಯಲ್ಲಿ ರೇಡಿಯೊದಿಂದಲೂ ಮತ್ತೊಂದರಲ್ಲಿ ಮೊಬೈಲಿನ ಅಂತರ್ಜಾಲ ಪ್ರಸಾರದಿಂದಲೂ ಅದೇ ಭದ್ರಾವತಿ ನಿಲಯವನ್ನು ಕೇಳಹೊರಟರೆ ಅಂತರವು ಹಲವು ಸೆಕೆಂಡುಗಳಿಗೇ ಏರುವುದು. ಅದಕ್ಕೆ ಪರಿಹಾರವಿಲ್ಲ, ಮೂಲವು ಒಂದೇ ಇರಬೇಕು.

ಹಿಂದುಳಿದ ಧ್ವನಿಯನ್ನು ಮುಂದಕ್ಕೆ ತರುವುದು ಯಾವ ಯಂತ್ರಕ್ಕೂ ಅಸಾಧ್ಯವಾದುದರಿಂದ, ಮುಂದಿರುವುದನ್ನು ತಡೆದು ನಿಲ್ಲಿಸುವುದೊಂದೇ ಉಪಾಯ. ಎರಡು ಸ್ಪೀಕರುಗಳ ನಡುವಣ ಬಾಗಿಲಲ್ಲಿ ನಿಂತು, ಒಂದು ಚಪ್ಪಾಳೆಯ ಶಬ್ದವನ್ನು ಎರಡರಲ್ಲಿಯೂ ನುಡಿಸಿ, ಮೊಬೈಲಿನಲ್ಲಿ ಮುದ್ರಿಸಿಕೊಂಡರೆ, ತರಂಗಚಿತ್ರದಲ್ಲಿ ಎರಡು ಶಿಖರಗಳು ಬೇರೆಬೇರೆಯಾಗಿ ಕಾಣಿಸುತ್ತವೆ. ಅವುಗಳ ನಡುವಿನ ಕಾಲವನ್ನು ಆಂಪ್ಲಿಫೈಯರಿನ ಡಿಲೇ ಎಂಬ ವ್ಯವಸ್ಥೆಯಲ್ಲಿ ಮುಂದಾಗಿ ನುಡಿಯುವ ಕೋಣೆಗೆ ಕೊಡತಕ್ಕದ್ದು. ಸೊನ್ನೆಗೇ ತರಬೇಕೆಂಬ ಹಟ ಬೇಡ. ಕೇಳುಗನು ಎರಡು ಹೆಜ್ಜೆ ಸರಿದರೆ ಆ ಸೊನ್ನೆ ಅಳಿಸಿಹೋಗುತ್ತದೆ. ಹಾಸನು ತೋರಿಸಿದ ಮಿತಿಯೊಳಗೆ ಬಂದರೆ ಸಾಕು. ಆದರೆ ಟೆಲಿವಿಷನ್ನಿನ ಧ್ವನಿಯನ್ನು ಹೀಗೆ ತಡೆದರೆ ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ತಪ್ಪುವುದೆಂಬುದನ್ನು ನೆನಪಿಡಬೇಕು.

ಒಮ್ಮೆ ಸರಿಪಡಿಸಿದ್ದು ಮತ್ತೆ ಕೆಡುವುದೂ ಉಂಟು. ಸ್ವತಂತ್ರವಾದ ಎರಡು ಉಪಕರಣಗಳ ಸ್ಫಟಿಕ ಗಡಿಯಾರಗಳು ಹತ್ತು ಲಕ್ಷಕ್ಕೆ 50 ಭಾಗದಷ್ಟು ಭೇದಿಸಿದರೂ ನಿಮಿಷಕ್ಕೆ 3 ಮಿಲಿಸೆಕೆಂಡಿನಂತೆ ಗಂಟೆಗೆ 180 ಮಿಲಿಸೆಕೆಂಡುಗಳ ಅಂತರ ಬೆಳೆಯುತ್ತದೆ. ಒಂದೇ ಗುಂಪಿಗೆ ಸೇರಿದ ವೈ-ಫೈ ಸ್ಪೀಕರುಗಳು ತಮ್ಮ ಗಡಿಯಾರಗಳನ್ನು ಪದೇಪದೇ ಹೋಲಿಸಿಕೊಂಡು, ಧ್ವನಿಯ ಪ್ರತಿಯೊಂದು ತುಣುಕನ್ನೂ ನಿಗದಿಯಾದ ಕ್ಷಣದಲ್ಲಿಯೇ ನುಡಿಸುವುದರಿಂದ ಈ ದೋಷದಿಂದ ಪಾರಾಗುತ್ತವೆ.

ಹೊಸಮನೆ ಕಟ್ಟಿಸುತ್ತಿರುವವರಿಗೆ ಮಾತ್ರ ಇದಾವುದರ ಗೊಡವೆಯೂ ಬೇಕಾಗಿಲ್ಲ. ಗೋಡೆಯ ಗಾರೆ ಮುಗಿಯುವ ಮೊದಲೇ ಅಡಿಗೆಮನೆಗೂ ಜಗಲಿಗೂ ಸ್ಪೀಕರಿನ ವೈರು ಎಳೆಯಲು ಪೈಪು ಹಾಕಿಸಿಕೊಳ್ಳಿರಿ.