ಮೋಟಾರಿನ ನಡಿಗೆ ಕುಂಟುವುದೇಕೆ?

ಬ್ರಷ್‌ರಹಿತ ವಿದ್ಯುತ್ ಮೋಟಾರೊಂದು ದೊರೆತರೆ, ಅದಕ್ಕೆ ವಿದ್ಯುತ್ತನ್ನು ಹಾಯಿಸದೆಯೇ ಅದರ ದಂಡವನ್ನು ಬೆರಳುಗಳಿಂದ ಮೆಲ್ಲನೆ ತಿರುಗಿಸಿ ನೋಡಿ. ಅದು ನುಣ್ಣಗೆ ತಿರುಗದೆ, ತಡೆತಡೆದು ಮುಂದಕ್ಕೆ ಜಿಗಿಯುವುದು ಅನುಭವಕ್ಕೆ ಬರುವುದು. ಪ್ರವಾಹವೇ ಇಲ್ಲದಿರುವಾಗ ಈ ತಡೆ ಎಲ್ಲಿಂದ ಬಂದಿತು?

ಇಂಥ ಮೋಟಾರಿನ ತಿರುಗುವ ಭಾಗದಲ್ಲಿ ಶಾಶ್ವತ ಕಾಂತಗಳಿರುವುವು; ಸ್ಥಿರ ಭಾಗದಲ್ಲಿ ಉಕ್ಕಿನ ಹಲ್ಲುಗಳೂ ಅವುಗಳ ನಡುವಣ ಸಂದುಗಳಲ್ಲಿ ತಾಮ್ರದ ಸುರುಳಿಗಳೂ ಇರುವುವು. ಕಾಂತವು ಉಕ್ಕಿನ ಹಲ್ಲನ್ನು ಸೆಳೆಯುವುದು, ಸಂದನ್ನು ಸೆಳೆಯದು. ಆದುದರಿಂದ ಅದು ಹಲ್ಲಿನಿಂದ ಹಲ್ಲಿಗೆ ಸಾಗುವಾಗ ತಡೆಯೂ ನೂಕೂ ಒಂದಾದ ಮೇಲೊಂದು ಬರುವುವು. ಒಂದು ಸುತ್ತಿನಲ್ಲಿ ಹೀಗೆ ಎಷ್ಟು ಸಲ ಆಗುವುದೆಂಬುದನ್ನು ಸಂದುಗಳ ಮತ್ತು ಧ್ರುವಗಳ ಸಂಖ್ಯೆಗಳ ಲಘುತಮ ಸಾಮಾನ್ಯ ಅಪವರ್ತ್ಯವು ತಿಳಿಸುವುದು. 12 ಸಂದು, 8 ಧ್ರುವಗಳಿದ್ದರೆ 24 ಸಲ. ಧ್ರುವಗಳನ್ನು 10ಕ್ಕೆ ಏರಿಸಿದರೆ 60 ಸಲ. ಸಂಖ್ಯೆ ಹೆಚ್ಚಿದಷ್ಟೂ ಒಂದೊಂದು ಜಿಗಿತವು ಸಾಮಾನ್ಯವಾಗಿ ಕಿರಿದಾಗುವುದು. ಮೊದಲನೆಯ ಮೋಟಾರಿನಲ್ಲಿ ಕಾಂತಗಳನ್ನು ಒಂದು ತುದಿಯಿಂದ ಇನ್ನೊಂದಕ್ಕೆ 15 ಡಿಗ್ರಿ ಓರೆಯಾಗುವಂತೆ ಜೋಡಿಸಿದರೆ, ಒಂದು ಭಾಗದ ತಡೆಯನ್ನು ಮತ್ತೊಂದು ಭಾಗದ ನೂಕು ಬಹುಮಟ್ಟಿಗೆ ಅಳಿಸುವುದು. ಆಗ ಟಾರ್ಕ್, ಎಂದರೆ ತಿರುಗಿಸುವ ಬಲವೂ ತುಸು ಕುಗ್ಗುವುದೆಂಬುದನ್ನು ಮರೆಯಬಾರದು.

ಎರಡನೆಯ ದೋಷವು ಪ್ರವಾಹದ ಹಂಚಿಕೆಯಲ್ಲಿದೆ. ಬ್ರಷ್ ಇಲ್ಲದುದರಿಂದ ಮೂರು ಸುರುಳಿಗಳಿಗೆ ಪ್ರವಾಹವನ್ನು ಎಲೆಕ್ಟ್ರಾನಿಕ್ ಸ್ವಿಚ್ಚುಗಳೇ ಹಂಚಬೇಕು. ಸರಳ ವಿಧಾನದಲ್ಲಿ ಒಮ್ಮೆಗೆ ಎರಡು ಸುರುಳಿಗಳಲ್ಲಿ ಮಾತ್ರ ಸ್ಥಿರ ಪ್ರವಾಹವು ಹರಿಯುವುದು. ವಿದ್ಯುತ್ ಆವರ್ತದ ಪ್ರತಿ 60 ಡಿಗ್ರಿಗೆ ಜೋಡಿಯು ಬದಲಾಗುವುದು. ಕಾಂತಗಳು ಸುರುಳಿಗಳಲ್ಲಿ ಹುಟ್ಟಿಸುವ ವೋಲ್ಟೇಜು ಸೈನ್ ರೇಖೆಯಂತಿದ್ದರೆ, ಪ್ರತಿ ಬದಲಾವಣೆಯ ಹೊತ್ತಿಗೆ ಟಾರ್ಕ್ ತನ್ನ ಶಿಖರದ ಶೇಕಡ 86.6ಕ್ಕೆ ಇಳಿಯುವುದು, ಇದು 30 ಡಿಗ್ರಿಯ ಕೊಸೈನೇ ಆಗಿದೆ.

ಪ್ರವಾಹಗಳನ್ನೂ ಸೈನ್ ರೇಖೆಯಂತೆ, ಪರಸ್ಪರ 120 ಡಿಗ್ರಿ ಅಂತರದಲ್ಲಿ, ಆಯಾ ವೋಲ್ಟೇಜಿನೊಡನೆ ಹೊಂದಿಸಿ ಹರಿಸಿದರೆ ಏನಾಗುವುದು? ಆಗ ಪ್ರತಿ ಸುರುಳಿಯ ಟಾರ್ಕ್ ಅದರ ಕೋನದ ಸೈನಿನ ವರ್ಗಕ್ಕೆ ಅನುಗುಣವಾಗಿರುವುದು. ಮೊದಲ ಸುರುಳಿಯ ಕೋನ 0 ಡಿಗ್ರಿಯಾದಾಗ ಮೂರು ವರ್ಗಗಳು 0, 3/4, 3/4; 90 ಆದಾಗ 1, 1/4, 1/4. ಎರಡು ಸಲವೂ ಮೊತ್ತ ಒಂದೂವರೆ. ಮಿಕ್ಕ ಕೋನಗಳಿಗೂ ಇಷ್ಟೇ ಎಂಬುದನ್ನು ವಾಚಕರು ತಾವೇ ಲೆಕ್ಕಮಾಡಿ ಕಾಣಬಹುದು. ಸುರುಳಿಗಳು ಒಂದೊಂದೂ ಏರಿಳಿದರೂ ಮೂರೂ ಕೂಡಿ ಸಮನಾದ ಟಾರ್ಕನ್ನೇ ಕೊಡುವುವು. ಇದಕ್ಕಾಗಿ ಕಾಂತಗಳ ಸ್ಥಾನವನ್ನು ಕ್ಷಣಕ್ಷಣಕ್ಕೂ ನಿಖರವಾಗಿ ಅರಿಯಬೇಕು.

ವೇಗವಾಗಿ ತಿರುಗುವ ಫ್ಯಾನಿನಲ್ಲಿ ಜಡತ್ವವು ಈ ಕುಂಟನ್ನು ಬಹುಪಾಲು ಮರೆಮಾಡುವುದು. ಆದರೆ ಶಸ್ತ್ರಚಿಕಿತ್ಸೆಗೆ ನೆರವಾಗುವ ಯಂತ್ರದ ತೋಳು ಅತಿ ಮೆಲ್ಲನೆ ಚಲಿಸುವಾಗ, ಆ ಜಿಗಿತವು ಉಪಕರಣದ ತುದಿಯವರೆಗೂ ತಲುಪೀತು. ಅಲ್ಲಿ ಹಲ್ಲುಗಳ ರಚನೆ, ಪ್ರವಾಹದ ಹಂಚಿಕೆ ಎರಡನ್ನೂ ತಿದ್ದಲೇಬೇಕು. ಒಂದನ್ನು ತಿದ್ದಿದರೆ ಇನ್ನೊಂದರ ದೋಷವು ಉಳಿದೇ ಇರುವುದು.